ಶಾಂತಿ ಸಭೆ ಠಾಣೆಯಿಂದ ಪಂಚಾಯತಕ್ಕೆ ಬರಲಿ: ಉತ್ತರ ಕನ್ನಡದ ಜಿಲ್ಲಾಡಳಿತಕ್ಕೂ ಜನಪ್ರತಿನಿಧಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಉತ್ತರ ಕನ್ನಡ ಜಿಲ್ಲೆಯ ಶಾಸಕರೇ ಮತ್ತು ಸಂಸದರೇ,

ಚೌತಿ, ಈದ್ ಮಿಲಾದ್, ರಾಮನವಮಿ, ಬಕ್ರೀದ್ ಹತ್ತಿರ ಬಂದಾಗಲೆಲ್ಲ ನಮ್ಮ ಜಿಲ್ಲೆಯ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಬೇರೆ ಬೇರೆ ಧರ್ಮದವರನ್ನು ಸರ್ಕಾರವೇ ಮುಂದೆ ನಿಂತು ಒಂದೆಡೆ ಕೂರಿಸಿ ಮಾತಾಡಿಸುವ ಏರ್ಪಾಡು ಎಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಇದೊಂದೇ. ಈ ಏರ್ಪಾಡನ್ನು ಠಾಣೆಯ ಅಂಗಳದಿಂದ ಹೊರತಂದು ಜನರಿಂದ ಆಯ್ಕೆಯಾದ ಸ್ಥಳೀಯ ಸಂಸ್ಥೆಗಳ ಕೈಗೆ ಕೊಡಬೇಕು, ಅದರ ನಡಾವಳಿ ಎಲ್ಲರಿಗೂ ಓದಲು ಸಿಗಬೇಕು ಎಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ಧರ್ಮಗಳ ನಡುವಿನ ಮಾತುಕತೆಗೆ ರಾಜಕೀಯ ಸೋಕಬಾರದು ಎಂದು ವೇದಿಕೆಗಳಲ್ಲಿ ಪದೇ ಪದೇ ಹೇಳುವುದನ್ನು ಕೇಳುತ್ತೇವೆ. ಆದರೆ ಯಾರನ್ನು ಕರೆಯಬೇಕು, ಯಾವ ವಿಷಯ ಎತ್ತಬಹುದು, ಯಾರ ಒಪ್ಪಿಗೆ ಇಡೀ ಸಮುದಾಯದ ಒಪ್ಪಿಗೆ ಎನಿಸಿಕೊಳ್ಳುತ್ತದೆ ಎಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು, ಮತ್ತು ಆ ತೀರ್ಮಾನ ರಾಜಕೀಯವೇ. ಅದನ್ನು ಒಪ್ಪಿಕೊಳ್ಳದ ಮಾತ್ರಕ್ಕೆ ತೀರ್ಮಾನ ನಿಲ್ಲುವುದಿಲ್ಲ; ಅದಕ್ಕೆ ಉತ್ತರ ಹೇಳಬೇಕಾದವರು ಮಾತ್ರ ಕಣ್ಣಿಗೆ ಬೀಳದಂತಾಗುತ್ತಾರೆ.

ಹೊನ್ನಾವರ ತಾಲ್ಲೂಕಿನಲ್ಲಿ ಗ್ರಾಮ ಪಂಚಾಯತ ಸದಸ್ಯೆಯಾಗಿದ್ದ ಅವಧಿಯಲ್ಲಿ ನಾನು ಇಂಥ ಸಭೆಗಳಲ್ಲಿ ಕುಳಿತಿದ್ದೇನೆ. ಹಿಂದಿನ ದಿನ ಸಂಜೆ ಬೀಟ್ ಪೊಲೀಸರು ಫೋನ್ ಮಾಡುತ್ತಾರೆ. ಮರುದಿನ ಹೋದರೆ ಮೇಜಿನ ಆಚೆ ತಹಶೀಲ್ದಾರರು, ಡಿವೈಎಸ್‌ಪಿ, ಪಿಎಸ್‌ಐ. ಈಚೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಯಾರೂ ಹೇಳದಿದ್ದರೂ ಉತ್ಸವ ಸಮಿತಿಯವರು ಒಂದು ಬದಿಗೆ, ಮಸೀದಿ ಕಮಿಟಿಯವರು ಇನ್ನೊಂದು ಬದಿಗೆ ಕೂರುತ್ತಾರೆ; ಇಗರ್ಜಿಯ ಕಡೆಯಿಂದ ಬಂದ ಒಬ್ಬಿಬ್ಬರು ಹಿಂದಿನ ಸಾಲು ಹಿಡಿಯುತ್ತಾರೆ. ಅಧಿಕಾರಿಗಳು ಕಾನೂನಿನ ಎಚ್ಚರಿಕೆ ಕೊಟ್ಟ ಬಳಿಕ ಮೆರವಣಿಗೆ ಯಾವ ರಸ್ತೆಯಲ್ಲಿ ಸಾಗಬೇಕು, ಮಸೀದಿಯೆದುರು ಎಷ್ಟು ಹೊತ್ತು ನಿಲ್ಲಬಹುದು, ಧ್ವನಿವರ್ಧಕ ಎಷ್ಟು ಗಂಟೆಗೆ ಬಂದ್ ಆಗಬೇಕು, ಬಂಟಿಂಗ್ಸ್ ಯಾವ ಕಂಬದಿಂದ ಯಾವ ಕಂಬಕ್ಕೆ ಕಟ್ಟಬಹುದು ಎಂಬ ಮಾತುಗಳಾಗುತ್ತವೆ. ಚಹಾ ಬರುತ್ತದೆ, ರಿಜಿಸ್ಟರಿನಲ್ಲಿ ಸಹಿ ಬೀಳುತ್ತದೆ, ಫೋಟೋ ತೆಗೆಯುತ್ತಾರೆ. ಬಹುತೇಕ ಸಭೆಗಳಲ್ಲಿ ನನ್ನನ್ನು ಬಿಟ್ಟರೆ ಅಲ್ಲಿದ್ದ ಹೆಂಗಸರು ಮಹಿಳಾ ಪೊಲೀಸರು ಮಾತ್ರ.

ಇಂಥದೊಂದು ಸಭೆಯಲ್ಲಿ ನಾನು ಮೀನುಪೇಟೆಯ ಮಾತು ಎತ್ತಿದೆ. ಊರು ಬಿಗುವಾದ ದಿನ ಮೊದಲು ಮುಚ್ಚುವುದು ಪೇಟೆ. ಬೆಳಗಿನ ಜಾವ ಬಂದರಿನ ಹರಾಜಿನಲ್ಲಿ ಕೈಸಾಲ ಮಾಡಿ ಬಂಗಡೆ, ತಾರ್ಲೆ ಕೊಂಡು ಬುಟ್ಟಿ ಹೊತ್ತು ಬಂದ ಹೆಂಗಸಿಗೆ ಪೇಟೆಯ ಬಾಗಿಲಲ್ಲಿ ನಿಂತ ಮೇಲೆಯೇ ನಿಷೇಧಾಜ್ಞೆ ಗೊತ್ತಾಗುತ್ತದೆ. ಮಂಜುಗಡ್ಡೆ ಮಧ್ಯಾಹ್ನದವರೆಗೆ ತಡೆದೀತು, ಅದರಾಚೆ ಮೀನು ಗೊಬ್ಬರದ ಲೆಕ್ಕಕ್ಕೆ ಹೋಗುತ್ತದೆ; ಕೈಸಾಲ ಮಾತ್ರ ಹಾಗೇ ಉಳಿಯುತ್ತದೆ. ಈ ನಷ್ಟ ಖಾರ್ವಿ, ಹರಿಕಂತ್ರ, ಮೊಗೇರ ಹೆಂಗಸರದ್ದೂ ಹೌದು, ಗಾಡಿಯಲ್ಲಿ ಮೀನು ಹೇರಿಕೊಂಡು ಘಟ್ಟದ ಮೇಲಿನ ಊರುಗಳಿಗೆ ಒಯ್ಯುವ ಮುಸ್ಲಿಂ ಹುಡುಗರದ್ದೂ ಹೌದು. ಏನೇ ಆದರೂ ಮೀನುಪೇಟೆಯನ್ನು ಮುಚ್ಚಿಸುವುದಿಲ್ಲ ಎಂದು ಎರಡೂ ಕಡೆಯವರು ಇಲ್ಲೇ ಒಂದು ಠರಾವು ಮಾಡಬಹುದಲ್ಲವೇ ಎಂದು ಕೇಳಿದೆ. "ಮೇಡಂ, ಅದು ಈ ಸಭೆಯ ವಿಷಯ ಅಲ್ಲ" ಎಂದು ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಹೇಳಿದರು. ಠಾಣೆಯ ಕೆಲಸ ಬಂದೋಬಸ್ತು. ಅದು ಊರನ್ನು ಬಂದೋಬಸ್ತಿನ ಕಣ್ಣಿನಿಂದ ನೋಡುವುದು ಸಹಜ. ಆದರೆ ಒಂದು ಊರಿನ ಧರ್ಮಗಳ ನಡುವಿನ ಮಾತುಕತೆಯನ್ನೆಲ್ಲ ಬಂದೋಬಸ್ತಿನ ಅಂಗವನ್ನಾಗಿ ಮಾಡಿದ್ದು ಆಡಳಿತ, ಮತ್ತು ಅದನ್ನು ಬದಲಿಸುವ ಅಧಿಕಾರ ಇರುವುದು ನಿಮ್ಮ ಕೈಯಲ್ಲಿ.

ಸಭೆಗೆ ಬರುವವರನ್ನು ನಾವು ಮುಖಂಡರು ಎನ್ನುತ್ತೇವೆ. ಆ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದನ್ನು ಗಮನಿಸಿದರೆ ವಿಷಯದ ತಿರುಳು ಸಿಗುತ್ತದೆ. ಯಾರ ಮಾತಿಗೆ ಹುಡುಗರು ಗುಂಪುಗೂಡುತ್ತಾರೋ, ಯಾರು ಮನಸ್ಸು ಮಾಡಿದರೆ ಮೆರವಣಿಗೆ ನಿಲ್ಲುತ್ತದೆಯೋ ಅಥವಾ ದಾರಿ ತಪ್ಪುತ್ತದೆಯೋ, ಅವರಿಗೆ ಮೊದಲ ಸಾಲಿನ ಕುರ್ಚಿ. ಶಾಂತಿ ಕದಡಬಲ್ಲ ಶಕ್ತಿಯೇ ಅಲ್ಲಿ ಪ್ರಾತಿನಿಧ್ಯದ ಅರ್ಹತೆ. ಶಾಂತಿ ಕದಡಿದಾಗ ನಷ್ಟ ಹೊರುವವರಿಗೆ ಆಹ್ವಾನವಿಲ್ಲ. ವರ್ಷ ವರ್ಷವೂ ಸರ್ಕಾರದ ಮೇಜಿನೆದುರು ಅದೇ ಹತ್ತು ಮಂದಿಯನ್ನು ಕೂರಿಸುತ್ತ ಬಂದರೆ ಊರಿನವರ ಕಣ್ಣಲ್ಲಿ ಅವರೇ ತಮ್ಮ ಧರ್ಮದ ವಕ್ತಾರರಾಗಿಬಿಡುತ್ತಾರೆ, ಮತ್ತು ಮುಂದೆ ಚುನಾವಣೆ ಬಂದಾಗ ಪಕ್ಷಗಳು ಅವರ ಮನೆ ಬಾಗಿಲಿಗೇ ಹೋಗುತ್ತವೆ. ಭಟ್ಕಳದಲ್ಲಿ 1912ರಿಂದ ಕೆಲಸ ಮಾಡುತ್ತಿರುವ ತಂಜೀಮ್‌ನಂಥ ಮುಸ್ಲಿಂ ಸಂಸ್ಥೆಗೆ ಅದರದೇ ಘನತೆಯಿದೆ, ಊರಿನ ಒಳಿತಿಗೆ ಅದು ದುಡಿದಿದೆ. ಆದರೂ ಬಾಡಿಗೆ ಆಟೋ ಓಡಿಸುವ ಮುಸ್ಲಿಂ ಯುವಕನ ಅಥವಾ ಬೀಡಿ ಕಟ್ಟುವ ಮುಸ್ಲಿಂ ಹೆಂಗಸಿನ ಸಂಕಟ ಯಾವ ಸಂಸ್ಥೆಯ ಮೂಲಕವೂ ಪೂರ್ತಿ ಸರ್ಕಾರಕ್ಕೆ ತಲುಪಲಾರದು. ಹಿಂದೂಗಳ ಕಡೆಯಲ್ಲಿಯೂ ಹೀಗೆಯೇ. ಉತ್ಸವ ಸಮಿತಿಯ ಪದಾಧಿಕಾರಿಗಳು ಹಾಲಕ್ಕಿ ಒಕ್ಕಲಿಗರ ಅಥವಾ ದಲಿತ ಕೇರಿಯವರ ಪರವಾಗಿ ಮಾತಾಡಲು ಯಾರೂ ಅವರಿಗೆ ಅಧಿಕಾರ ಕೊಟ್ಟಿಲ್ಲ.

ನಮ್ಮ ಜಿಲ್ಲೆ ಹಿಂದಿನಿಂದಲೂ ಸೌಹಾರ್ದದ ನೆಲ ಎಂದು ಭಾಷಣಗಳಲ್ಲಿ ಹೇಳುವಾಗ ಅದೇನೋ ತಾನಾಗಿ ಬೆಳೆದ ಸಂಗತಿಯೆಂಬಂತೆ ಕೇಳಿಸುತ್ತದೆ. ಸೋದೆ, ಸ್ವಾದಿ ಎಂದೂ ಕರೆಯುವ ಶಿರಸಿ ತಾಲ್ಲೂಕಿನ ಸೋಂದಾ ಊರೊಂದರಲ್ಲೇ ಮಾಧ್ವರ ವಾದಿರಾಜ ಮಠ, ಸ್ಮಾರ್ತರ ಸ್ವರ್ಣವಲ್ಲಿ ಮಠ, ಸ್ವಾದಿಯ ಜೈನ ಮಠ ಮೂರೂ ಇವೆ. ಸೋದೆಯ ಅರಸರ ಆಶ್ರಯದಲ್ಲಿ ಅಷ್ಟೂ ಮತಗಳಿಗೆ ಅಲ್ಲಿ ಜಾಗ ಸಿಕ್ಕಿತು. ಅರಸಪ್ಪ ನಾಯಕನ ಕಾಲದಲ್ಲಿ ವಾದಿರಾಜರು ಬಂದು ನೆಲೆಸಿದರು. ಅದು ರಾಜ್ಯ ಕೈಗೊಂಡ ತೀರ್ಮಾನ. ಭಟ್ಕಳ ವಿಜಯನಗರದ ಕಾಲದಲ್ಲಿ ಅರಬೀ ಕುದುರೆಗಳು ಇಳಿಯುವ ಬಂದರಾಗಿದ್ದಾಗ ಅಲ್ಲಿ ನವಾಯತ ಮುಸ್ಲಿಂ ವ್ಯಾಪಾರಿಗಳು ಬೇರೂರಿದ್ದರ ಹಿಂದೆಯೂ, ಗೇರುಸೊಪ್ಪೆಯ ಚೆನ್ನಭೈರಾದೇವಿ ಜೈನ ರಾಣಿಯಾಗಿದ್ದು ಎಲ್ಲ ಮತದ ವರ್ತಕರಿಂದ ಕಾಳುಮೆಣಸಿನ ವ್ಯಾಪಾರ ನಡೆಸಿದ್ದರ ಹಿಂದೆಯೂ ಆಳುವವರ ಲೆಕ್ಕಾಚಾರವಿತ್ತು. ಸುಂಕ ಬರಬೇಕಾದರೆ ಬಂದರಿನಲ್ಲಿ ಎಲ್ಲರಿಗೂ ಭದ್ರತೆ ಬೇಕು ಎಂಬುದು ಅವರಿಗೆ ತಿಳಿದಿತ್ತು. ಭಟ್ಕಳದ ಚನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ಮೊದಲು ಊರಿನ ಮುಸ್ಲಿಂ ಮನೆತನಕ್ಕೆ ಹೋಗಿ ಆಹ್ವಾನ ಕೊಟ್ಟು ಬರುವ ಪದ್ಧತಿ ಈಗಲೂ ಇದೆ. ಅದನ್ನು ಬರಿಯ ಭಾವುಕತೆಯಿಂದ ನೋಡಬೇಕಾಗಿಲ್ಲ. ತೇರು ಸಾಗುವ ರಸ್ತೆ ಎಲ್ಲರದ್ದು, ಆದ್ದರಿಂದ ತೇರು ಎಳೆಯುವವರು ರಸ್ತೆಯ ಉಳಿದ ಹಕ್ಕುದಾರರ ಮನೆಗೆ ತಾವಾಗಿ ಹೋಗುತ್ತಾರೆ. ಠಾಣೆಯ ಮಧ್ಯಸ್ಥಿಕೆಯಿಲ್ಲದೆ ನಡೆಯುವ ಈ ಮಾತುಕತೆಯಲ್ಲಿ ಒಬ್ಬರು ಅನುಮತಿ ಬೇಡುವವರು, ಇನ್ನೊಬ್ಬರು ಕೊಡುವವರು ಎಂಬ ಭೇದವಿಲ್ಲ. ಶಾಂತಿ ಸಭೆಯಲ್ಲಿ ನನಗೆ ಕಾಣಿಸದೆ ಹೋದದ್ದು ಈ ಸಮಾನತೆಯೇ.

ಧರ್ಮದ ಆಚರಣೆಯೂ ಸಾರ್ವಜನಿಕ ಚರ್ಚೆಯಿಂದ ಬದಲಾಗಬಲ್ಲದು ಎಂಬುದಕ್ಕೆ ಶಿರಸಿಯೇ ಸಾಕ್ಷಿ. 1934ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಾಗ ಮಾರಿಕಾಂಬಾ ದೇವಸ್ಥಾನದ ಕೋಣನ ಬಲಿಯ ಪ್ರಶ್ನೆ, ಅಸ್ಪೃಶ್ಯತೆಯ ಪ್ರಶ್ನೆ ಊರಿನ ಮುಂದೆ ಬಂದವು. ಬಲಿ ನಿಂತಿತು, ಜಾತ್ರೆ ನಿಲ್ಲಲಿಲ್ಲ. ಸಿದ್ದಿ ಸಮುದಾಯದ ಉದಾಹರಣೆ ಇನ್ನೂ ಹತ್ತಿರದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗಗಳ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮೂರೂ ಧರ್ಮದ ಸಿದ್ದಿಗಳು ಒಂದೇ ಜನಾಂಗವಾಗಿ ನಿಂತು ಕೇಳಿದ್ದರ ಫಲವಾಗಿ 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಪಂಗಡದ ಮಾನ್ಯತೆಗೆ ಧರ್ಮ ಅಡ್ಡ ಬರುವುದಿಲ್ಲ; ಪರಿಶಿಷ್ಟ ಜಾತಿಯ ವಿಷಯದಲ್ಲಾದರೆ 1950ರ ರಾಷ್ಟ್ರಪತಿ ಆದೇಶ ಧರ್ಮದ ಗೆರೆ ಎಳೆದಿದೆ. ಯಾರು ಯಾರೊಂದಿಗೆ ಸೇರಿ ಹಕ್ಕು ಕೇಳಬಹುದು ಎಂಬುದನ್ನು ಸರ್ಕಾರದ ಕಾಗದ ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ನಮ್ಮ ಕರಾವಳಿಗೆ ಆದ ಗಾಯಗಳನ್ನು ಹೇಳದೆ ಈ ಪತ್ರ ಮುಂದೆ ಹೋಗಲಾರದು. 1993ರ ಏಪ್ರಿಲ್‌ನಲ್ಲಿ ರಾಮನವಮಿಯ ಹೊತ್ತಿಗೆ ಭಟ್ಕಳದಲ್ಲಿ ಹೊತ್ತಿಕೊಂಡ ಗಲಭೆ ತಿಂಗಳುಗಟ್ಟಲೆ ನಡೆದು ಜೀವಗಳನ್ನು ತೆಗೆಯಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ನಡೆಸಿತು. 1996ರಲ್ಲಿ ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಅವರ ಕೊಲೆಯಾಯಿತು. ಆ ಆಯೋಗದ ವರದಿಯನ್ನು ಎರಡೂ ಧರ್ಮದವರು ಒಟ್ಟಿಗೆ ಕುಳಿತು ಓದಿ, ಇದು ಸರಿ, ಇದು ತಪ್ಪು ಎಂದು ಚರ್ಚಿಸಿದ ಒಂದೇ ಒಂದು ಸಭೆಯನ್ನು ನಾನು ಕಂಡಿಲ್ಲ.

ಹೊನ್ನಾವರದ ಸಂಗತಿ ನನ್ನ ಕಣ್ಣೆದುರಿನದು. 2017ರ ಡಿಸೆಂಬರ್‌ನಲ್ಲಿ ಶೆಟ್ಟಿಕೆರೆಯಲ್ಲಿ ಹಿಂದೂ ಯುವಕನೊಬ್ಬನ ಶವ ಸಿಕ್ಕಿತು. ಅದು ಹೇಗೆ ಸಂಭವಿಸಿತು ಎಂದು ತನಿಖೆ ಹೇಳುವ ಮೊದಲೇ ಮುಸ್ಲಿಮರು ಕೊಂದರೆಂಬ ಕಥೆಗಳು ವಾಟ್ಸಾಪಿನಲ್ಲಿ ಹರಿದಾಡಿದವು, ವೇದಿಕೆಗಳಿಂದ ತೀರ್ಪುಗಳು ಬಂದವು. ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಹಿಂಸೆ ಹಬ್ಬಿತು; ಕುಮಟಾದಲ್ಲಿ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು. ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಚುನಾವಣಾ ಕ್ರಮ ಎಂದು ಹೇಳಿತ್ತು, ಮತ್ತು ಮುಂದಿನ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಇತ್ತು. ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಇದು ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಈ ನಡುವಿನ ಐದು ವರ್ಷ ಊರು ಹೇಗೆ ಬದುಕಿತು ಎಂಬುದನ್ನು ಯೋಚಿಸಿ. ಮಗನನ್ನು ಕಳೆದುಕೊಂಡ ಮನೆಯವರಿಗೆ ನೆಮ್ಮದಿಯ ಉತ್ತರ ಸಿಗಲಿಲ್ಲ. ಕೊಲೆಗಾರರ ಕಡೆಯವರೆಂದು ಬೆರಳು ತೋರಿಸಿಕೊಂಡ ಕೇರಿಯವರಿಗೆ ಪೇಟೆಯಲ್ಲಿ ತಲೆಯೆತ್ತಿ ಓಡಾಡಲು ಆಗಲಿಲ್ಲ. ಗಲಾಟೆಯಲ್ಲಿ ಕೇಸು ಹಾಕಿಸಿಕೊಂಡ ಹುಡುಗರು ಕೋರ್ಟಿಗೆ ಅಲೆದರು. ಅವರಲ್ಲಿ ಬಹುಪಾಲು ಬಡವರ ಮನೆಯವರು; ಪ್ರಚೋದಿಸಿದ ಭಾಷಣಕಾರರಲ್ಲಿ ಅವರ ಜಾಮೀನಿಗೆ ಓಡಾಡಿದವರು ಎಷ್ಟು ಮಂದಿ ಎಂಬುದು ಹೊನ್ನಾವರದವರಿಗೆಲ್ಲ ಗೊತ್ತಿದೆ.

ನಾನು ಕೇಳುವುದು ಇಷ್ಟು. ಆ ಐದು ವರ್ಷಗಳಲ್ಲಿ ಈಗ ತನಿಖೆ ಎಲ್ಲಿಗೆ ಬಂದಿದೆ, ಗೊತ್ತಾಗಿರುವುದೇನು, ಗೊತ್ತಾಗದಿರುವುದೇನು ಎಂದು ಎರಡೂ ಸಮುದಾಯದವರ ಎದುರು ಅಧಿಕೃತವಾಗಿ ಹೇಳುವ, ಕೇಳಿದ್ದಕ್ಕೆ ಉತ್ತರ ಕೊಡುವ ಜಾಗವೊಂದು ತಾಲ್ಲೂಕಿನಲ್ಲಿ ಇತ್ತೇ? ಇರಲಿಲ್ಲ. ಇದ್ದದ್ದು ಹಬ್ಬದ ಮುನ್ನಾದಿನಗಳ ಶಾಂತಿ ಸಭೆ, ಮತ್ತು ಅಲ್ಲಿ ಆ ಮಾತು ಎತ್ತುವುದೇ ಶಾಂತಿಭಂಗ ಎನಿಸಿಕೊಳ್ಳುತ್ತಿತ್ತು. ಊರಿನ ಅತಿ ದೊಡ್ಡ ಪ್ರಶ್ನೆಯನ್ನು ಕೇಳಲು ಸಭ್ಯವಾದ ಜಾಗವಿಲ್ಲದಿದ್ದಾಗ ಅದು ಸಭ್ಯವಲ್ಲದ ಜಾಗಗಳಲ್ಲಿ ಕೇಳಲ್ಪಡುತ್ತದೆ. ಸಂವಾದಕ್ಕೆ ರಾಜಕೀಯ ಬೇಡ ಎಂದು ನಾವು ಬಿಟ್ಟುಕೊಟ್ಟ ಜಾಗವನ್ನು ಓಟಿನ ರಾಜಕೀಯ ತುಂಬಿಕೊಂಡಿತು.

ಜಾತ್ರೆಯ ಅಂಗಡಿಗಳ ವಿಷಯವೂ ಇದೇ ಬಗೆಯದು. 2022ರ ಮಾರ್ಚ್‌ನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬಾರದೆಂಬ ಕೂಗು ಎದ್ದಾಗ, ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮವನ್ನು ಸರ್ಕಾರ ವಿಧಾನಸಭೆಯಲ್ಲಿ ಉಲ್ಲೇಖಿಸಿತು. ಸಂಸ್ಥೆಯ ಹತ್ತಿರದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಎಂಬ ಆ ನಿಯಮ ವರ್ಷಗಟ್ಟಲೆ ಕಡತದಲ್ಲಿತ್ತು. ಅದು ಇದ್ದಾಗಲೂ ಬಳೆ, ಆಟಿಕೆ, ಹಣ್ಣಿನ ಅಂಗಡಿಗಳನ್ನು ಎಲ್ಲರೂ ಇಡುತ್ತ ಬಂದಿದ್ದರು. ಅದನ್ನು ಯಾವಾಗ ಹೊರತೆಗೆಯಬೇಕು ಎಂಬುದು ಭಕ್ತರ ತೀರ್ಮಾನವಾಗಿರಲಿಲ್ಲ. ಭಟ್ಕಳದ ಮಲ್ಲಿಗೆಯನ್ನೇ ನೋಡಿ. ಅದನ್ನು ಬೆಳೆದು, ನಸುಕಿನಲ್ಲಿ ಮೊಗ್ಗು ಬಿಡಿಸಿ, ದಂಡೆ ಕಟ್ಟುವವರು ಬಹುಪಾಲು ಹಿಂದೂ ರೈತ ಹೆಂಗಸರು; ನವಾಯತರ ಮದುವೆಗಳಿಗೆ ಆ ಹೂವು ಬೇಕೇ ಬೇಕು. ಒಂದು ಕಡೆಯ ಬಹಿಷ್ಕಾರಕ್ಕೆ ಇನ್ನೊಂದು ಕಡೆಯವರೂ ಅದೇ ದಾರಿ ಹಿಡಿದರೆ ಮೊದಲು ಬಾಡುವುದು ಈ ಹೆಂಗಸರ ಕೈಯ ಹೂವು. ಇಂಥ ತೀರ್ಮಾನಗಳು ಅವರನ್ನು ಕೇಳದೆ ಆಗಬಾರದು.

ನಿಜವಾದ ಸಂವಾದ ನಮ್ಮ ಕಡಲತೀರದಲ್ಲಿ ನಡೆದೇ ಇಲ್ಲವೆಂದಲ್ಲ. ಹೊನ್ನಾವರದ ಬಳಿಯ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ನಿಂತಾಗ ಖಾರ್ವಿ, ಮುಸ್ಲಿಂ, ಕ್ರೈಸ್ತ ಮನೆಗಳವರು ಒಂದೇ ಮರಳಿನ ಮೇಲೆ ಕುಳಿತು ಮಾತಾಡಿಕೊಂಡರು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಕಾರವಾರದಲ್ಲಿ ಮೀನುಗಾರರು ಬೀದಿಗಿಳಿದಾಗ ಪೇಟೆಯೇ ಬಂದ್ ಮಾಡಿ ಬೆಂಬಲಿಸಿತು. ದೋಣಿ ಎಲ್ಲಿ ನಿಲ್ಲಿಸುವುದು, ಮೀನು ಎಲ್ಲಿ ಒಣಗಿಸುವುದು, ಮನೆಯ ಹಕ್ಕುಪತ್ರ ಯಾರ ಹೆಸರಿಗೆ ಎಂಬ ಮಾತುಗಳಿಗೆ ಧರ್ಮ ಅಡ್ಡ ಬರಲಿಲ್ಲ. ಆದರೆ ಅಂಥ ಮಾತುಕತೆಗೆ ಆಡಳಿತ ಸೌಹಾರ್ದ ಎಂದು ಹೆಸರಿಡುವುದಿಲ್ಲ. ಅದಕ್ಕೆ ಕಾನೂನು ಸುವ್ಯವಸ್ಥೆಯ ಸಮಸ್ಯೆ ಎನ್ನುತ್ತದೆ, ಪೊಲೀಸರನ್ನು ಕಳಿಸುತ್ತದೆ. ಧರ್ಮದ ಗುರುತಿನಿಂದ ಬಂದರೆ ಮಾತ್ರ ಕುರ್ಚಿ, ಬದುಕಿನ ಪ್ರಶ್ನೆಯಿಂದ ಬಂದರೆ ಬ್ಯಾರಿಕೇಡ್ ಎಂದಾದರೆ, ಜನ ಯಾವ ಗುರುತನ್ನು ಮುಂದೆ ಮಾಡಬೇಕೆಂದು ಸರ್ಕಾರವೇ ಕಲಿಸಿದಂತಾಗುತ್ತದೆ.

ಪಂಚಾಯತಕ್ಕೆ ಈ ಮಾತುಕತೆ ಬಂದರೆ ಪಕ್ಷಗಳು ಅದನ್ನು ನುಂಗಿಬಿಡುತ್ತವೆ ಎಂದು ನನ್ನೊಂದಿಗೆ ಕೆಲಸ ಮಾಡಿದ ಹಿರಿಯರೊಬ್ಬರು ವಾದಿಸುತ್ತಾರೆ. ಅವರ ಆತಂಕ ನಿರಾಧಾರವಲ್ಲ. ಆದರೆ ಪಂಚಾಯತದಲ್ಲಿ ಮಾತಾಡಿದವರ ಹೆಸರು ದಾಖಲಾಗುತ್ತದೆ, ಐದು ವರ್ಷಕ್ಕೊಮ್ಮೆ ಅವರು ಅದೇ ಜನರೆದುರು ನಿಲ್ಲಬೇಕಾಗುತ್ತದೆ. ಠಾಣೆಗೆ ಬರುವ ಮುಖಂಡರಿಗೆ ಈ ಎರಡೂ ಕಟ್ಟುಪಾಡುಗಳಿಲ್ಲ. ಸ್ವಾಮೀಜಿ, ಮೌಲ್ವಿ, ಪಾದ್ರಿಗಳು ಒಂದೇ ವೇದಿಕೆಯಲ್ಲಿ ಕೂರುವ ಸೌಹಾರ್ದ ಸಮಾವೇಶಗಳ ಬಗ್ಗೆ ನನಗೆ ಗೌರವವಿದೆ. ಅವರು ಕೈ ಹಿಡಿದು ನಿಂತ ಚಿತ್ರ ಎಷ್ಟೋ ಮನೆಗಳಿಗೆ ಧೈರ್ಯ ಕೊಡುತ್ತದೆ. ಆದರೆ ಸ್ಮಶಾನದ ಜಾಗ, ಮೆರವಣಿಗೆಯ ರಸ್ತೆ, ಜಾತ್ರೆಯ ಅಂಗಡಿ ಇವುಗಳನ್ನು ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ, ಇರಲೂಬಾರದು.

1993ರ ಏಪ್ರಿಲ್ ಭಟ್ಕಳ ಹೊತ್ತಿ ಉರಿದ ತಿಂಗಳು. ಪಂಚಾಯತಗಳಿಗೆ ಬಲ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ತಿಂಗಳ 24ರಂದು. ಅದರಂತೆ ನಮ್ಮ ರಾಜ್ಯದಲ್ಲಿ ಗ್ರಾಮ ಸಭೆ, ಮುಂದೆ ವಾರ್ಡ್ ಸಭೆ ಕಾನೂನಿನ ಬಲ ಪಡೆದವು. ಪಂಚಾಯತಗಳ ಅರ್ಧದಷ್ಟು ಸ್ಥಾನಗಳು ಇಂದು ಮಹಿಳೆಯರಿಗೆ ಮೀಸಲು. ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ, ಹೊಸ ಸಮಿತಿಯೂ ಬೇಡ. ಶಾಂತಿ ಸಭೆಗಳನ್ನು ಗ್ರಾಮ ಪಂಚಾಯತ ಮತ್ತು ಪುರಸಭೆಗಳ ಸಭಾಭವನಗಳಲ್ಲಿ, ಅಲ್ಲಿಯ ಅಧ್ಯಕ್ಷರ ಹೆಸರಿನಲ್ಲಿ ಕರೆಯಲು ತಾವು ಸುತ್ತೋಲೆ ಹೊರಡಿಸಬಹುದು. ಪೊಲೀಸರು ಬರಲಿ, ಆದರೆ ಸಭೆ ಅವರದ್ದಾಗಬೇಡ. ಅರ್ಧದಷ್ಟು ಹೆಂಗಸರಿರಲಿ, ಮೀನು ಮಾರುವವರು, ಆಟೋ ಚಾಲಕರು, ಸಂತೆಯ ವ್ಯಾಪಾರಿಗಳು ತಮ್ಮ ಕಸುಬಿನ ಹೆಸರಿನಲ್ಲಿ ಬಂದು ಕೂರಲಿ. ಹಬ್ಬ ಇರಲಿ ಬಿಡಲಿ, ಮೂರು ತಿಂಗಳಿಗೊಮ್ಮೆ ಸಭೆಯಾಗಲಿ, ಅದರ ನಡಾವಳಿಯನ್ನು ಪಂಚಾಯತದ ಫಲಕದಲ್ಲಿ ಕನ್ನಡದಲ್ಲಿ ಅಂಟಿಸಲಿ. ಕೋಮು ಬಣ್ಣ ಪಡೆದ ಯಾವುದೇ ಪ್ರಕರಣದ ತನಿಖೆಯ ಬಗ್ಗೆ, ಕಾನೂನು ಬಿಡುವಷ್ಟರ ಮಟ್ಟಿಗೆ, ಜವಾಬ್ದಾರಿಯುತ ಅಧಿಕಾರಿಯೊಬ್ಬರು ಅಲ್ಲಿ ಮಾಹಿತಿ ಕೊಡಲಿ. ಶಾಸಕರೂ ಸಂಸದರೂ ವರ್ಷಕ್ಕೆ ಒಮ್ಮೆಯಾದರೂ ಆ ಸಭೆಯಲ್ಲಿ ಎಲ್ಲ ಧರ್ಮದವರ ಪ್ರಶ್ನೆಗೆ ಉತ್ತರ ಕೊಡಬೇಕು; ಅವರು ಆಡಿದ ಮಾತು ನಡಾವಳಿಯಲ್ಲಿ ಉಳಿಯಬೇಕು.

ಬರುವ ಚೌತಿಗೆ ಮೊದಲು ಕರಾವಳಿಯ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಆರಂಭಿಸಿ. ಹೊನ್ನಾವರವನ್ನು ಆರಿಸಿಕೊಂಡರೆ ಮೊದಲ ಸಭೆಯ ವಿಷಯಪಟ್ಟಿಯಲ್ಲಿ ಎರಡು ವಿಷಯಗಳನ್ನು ಸೇರಿಸಬೇಕೆಂದು ಕೋರುತ್ತೇನೆ. ಒಂದು, ಬಿಗುವಿನ ದಿನಗಳಲ್ಲಿಯೂ ಮೀನುಪೇಟೆ ತೆರೆದಿಡುವ ಠರಾವು. ಎರಡು, 2022ರ ಸಿಬಿಐ ವರದಿಯಲ್ಲಿ ಏನಿದೆ ಎಂಬುದನ್ನು ಊರಿನವರೆಲ್ಲರ ಎದುರು ಓದಿ ಹೇಳುವುದು.

ಇಂತಿ ತಮ್ಮ ವಿಶ್ವಾಸಿ,
ಹೊನ್ನಾವರ ತಾಲ್ಲೂಕಿನ ಒಬ್ಬ ಮಾಜಿ ಗ್ರಾಮ ಪಂಚಾಯತ ಸದಸ್ಯೆ